ಮೊದಲ ಮೆಟ್ಟಿಲಿನ ನ್ಯಾಯಾಧೀಶರು
(ಸಂಘದ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣ)



ಕನ್ನಡನಾಡಿನ ಒಬ್ಬ ಹಿರಿಯರ ಬಗೆಗೆ ಹತ್ತು ನಿಮಿಷ ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಕವಿಗಳ ಬಗೆಗೆ ನಮಗಿಂತ ಬಲ್ಲವರು ಈ ಸಭೆಯಲ್ಲಿದ್ದಾರೆ. ದೊರೆಗಳು, ದಿವಾನರ ಬಗೆಗೆ ಪ್ರತಿ ವರ್ಷವೂ ಕೇಳುತ್ತ ಬಂದಿದ್ದೇವೆ. ಆದ್ದರಿಂದ ಈ ಸಲ ಯಾರೂ ಭಾಷಣಕ್ಕೆ ಆರಿಸದ ಕಡೆಯಿಂದ ಒಬ್ಬರನ್ನು ಆರಿಸಿಕೊಂಡಿದ್ದೇವೆ. ಅವರು ಒಬ್ಬ ನ್ಯಾಯಾಧೀಶರು. ನಾವು ಹೇಳಹೊರಟಿರುವುದು ಅವರು ಹೈಕೋರ್ಟಿನ ಪೀಠದಲ್ಲಿ ಕುಳಿತಿದ್ದ ಕಾಲದ ಮಾತಲ್ಲ. ಸಾಕ್ಷಿಗಳು ಎದುರಿಗೆ ನಿಂತು ಪ್ರಮಾಣ ಮಾಡುವ ಕೆಳಗಿನ ಕೋರ್ಟಿನಲ್ಲಿ ಕುಳಿತಿದ್ದ ಕಾಲದ ಮಾತು.

ಈ ವಿಷಯ ನಮ್ಮ ಮನಸ್ಸಿಗೆ ಬಂದುದಕ್ಕೆ ಒಂದು ಕಾರಣವುಂಟು. ನಮ್ಮ ರೋಹಿಣಿಯಲ್ಲೇ ಜಿಲ್ಲಾ ನ್ಯಾಯಾಲಯದ ದೊಡ್ಡ ಕಟ್ಟಡವಿದೆ. ತರಕಾರಿ ತರಲು, ಮಕ್ಕಳನ್ನು ಪಾಠಕ್ಕೆ ಬಿಡಲು ಅದರ ಮುಂದೆ ಓಡಾಡುವ ನಾವು ಒಳಗೆ ಕಾಲಿಡುವ ಪ್ರಸಂಗ ಬಾರದಿರಲೆಂದೇ ಬೇಡಿಕೊಳ್ಳುತ್ತೇವೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಊರಿನ ಹಿರಿಯರು ಹೇಳುತ್ತಿದ್ದರಷ್ಟೆ. 2021ರ ಸೆಪ್ಟೆಂಬರ್ 24ರಂದು ಇದೇ ನ್ಯಾಯಾಲಯದ ಒಂದು ಕೋಣೆಯೊಳಗೆ, ವಿಚಾರಣೆಯ ವೇಳೆಯಲ್ಲೇ ಗುಂಡು ಹಾರಿದ ಮೇಲಂತೂ ಆ ಭಯ ಇನ್ನೂ ಹೆಚ್ಚಿತು.

ಆದರೆ ಬ್ಯಾಂಕಿನ ಗುಮಾಸ್ತರಿಗೆ ಆ ಮೆಟ್ಟಿಲು ತಪ್ಪುವುದಿಲ್ಲ. ಯಾವುದೋ ಮೊಕದ್ದಮೆಯಲ್ಲಿ ಯಾರದೋ ಖಾತೆಯ ನಕಲನ್ನು ಹಾಜರುಪಡಿಸಲು ನಮಗೊಮ್ಮೆ ಸಮನ್ಸು ಬಂದಿತು. 1891ರಷ್ಟು ಹಳೆಯ ಕಾಯಿದೆಯೊಂದುಂಟು. ಅದರ ಪ್ರಕಾರ ಬ್ಯಾಂಕಿನ ಪುಸ್ತಕದ ನಕಲು ಸಾಕ್ಷ್ಯವಾಗಬೇಕಾದರೆ ಅದರ ಕೆಳಗೆ ಅಧಿಕಾರಿಯ ದೃಢೀಕರಣವಿರಬೇಕು. ನಾವು ಒಯ್ದ ನಕಲಿನಲ್ಲಿ ಒಂದು ಹಾಳೆಗೆ ಆ ದೃಢೀಕರಣ ಬಿಟ್ಟುಹೋಗಿತ್ತು, ತಪ್ಪು ನಮ್ಮದೇ. ವಕೀಲರಿಬ್ಬರೂ ಅದನ್ನು ಗಮನಿಸಿರಲಿಲ್ಲ. ನ್ಯಾಯಾಧೀಶರು ಗಮನಿಸಿದರು. ಗದರಿಸಲಿಲ್ಲ. “ಈ ಹಾಳೆಯ ಮೇಲೆ ಒಬ್ಬ ಮನುಷ್ಯನ ಐದು ವರ್ಷ ನಿಂತಿದೆ, ಸರಿಮಾಡಿ ತನ್ನಿ” ಎಂದು ಹಿಂದಿಯಲ್ಲಿ ಹೇಳಿ ಬೇರೊಂದು ದಿನ ಕೊಟ್ಟರು. ಅಂದು ಅವರ ಮುಂದೆ ಕಟ್ಟುಗಟ್ಟಲೆ ಕಡತಗಳಿದ್ದವು. ಮನೆಗೆ ಬರುವ ದಾರಿಯಲ್ಲಿ ನಮಗೆ ನೆನಪಾದವರು ನಮ್ಮ ನಾಡಿನ ಜಾನ್ ಮೈಕೇಲ್ ಕುನ್ಹರವರು.

ಕುನ್ಹರವರು 1959ರಲ್ಲಿ ಹುಟ್ಟಿದವರು. ಮಂಗಳೂರಿನ ಬಳಿಯ ಗುರುಪುರ ಕೈಕಂಬದ ಕಡೆಯವರು. ಮನೆಯ ಮಾತು ಒಂದು, ಸಂತೆಯ ಮಾತು ಇನ್ನೊಂದು, ಶಾಲೆಯ ಮಾತು ಕನ್ನಡ, ಕೋರ್ಟಿನ ಮಾತು ಇಂಗ್ಲಿಷು—ಹೀಗೆ ನಾಲ್ಕು ಮಾತುಗಳ ನಡುವೆ ಬೆಳೆಯುವುದು ಕರಾವಳಿಯವರಿಗೆ ಹೊಸದಲ್ಲ. ಮಂಗಳೂರಿನಲ್ಲಿ ಕಾನೂನು ಓದಿ, ವಕೀಲಿ ನಡೆಸಿ, 2002ರಲ್ಲಿ ಜಿಲ್ಲಾ ನ್ಯಾಯಾಧೀಶರಾದರು. ಮುಂದೆ ಹತ್ತು ಹನ್ನೊಂದು ವರ್ಷ ಅವರ ಹೆಸರು ಪತ್ರಿಕೆಗಳಲ್ಲಿ ಬಂದುದು ಅಪರೂಪ. ಜಿಲ್ಲಾ ನ್ಯಾಯಾಧೀಶರ ಬಾಳು ಇರುವುದೇ ಹಾಗೆ. ಮೂರು ವರ್ಷಕ್ಕೊಂದು ವರ್ಗ, ಮಕ್ಕಳಿಗೆ ಹೊಸ ಶಾಲೆ, ಊರಿನಲ್ಲಿ ಯಾರ ಮನೆಯ ಮದುವೆಗೆ ಹೋದರೂ ಸಂಶಯ, ಹೋಗದಿದ್ದರೆ ಜಂಭವೆಂಬ ಅಪವಾದ. ವರ್ಗದ ಕಷ್ಟ ಈ ಸಭೆಯಲ್ಲಿರುವವರಿಗೆ ನಾವು ಹೇಳಬೇಕಾಗಿಲ್ಲ.

2013ರ ಅಕ್ಟೋಬರಿನ ಕೊನೆಯಲ್ಲಿ ಅವರ ಕೈಗೆ ಒಂದು ಮೊಕದ್ದಮೆ ಬಂದಿತು. ಅದು ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾ ಅವರ ಮತ್ತು ಇತರ ಮೂವರ ಮೇಲಿದ್ದ, ಆದಾಯಕ್ಕೆ ಮೀರಿದ ಆಸ್ತಿಯ ಮೊಕದ್ದಮೆ. 1991ರ ಜುಲೈ 1ರಿಂದ 1996ರ ಏಪ್ರಿಲ್ 30ರವರೆಗಿನ ಅವಧಿಯ ಲೆಕ್ಕ ಅದು. ಆ ಕಾಲದಲ್ಲಿ ಮುಖ್ಯಮಂತ್ರಿಗಳು ತಿಂಗಳಿಗೆ ಒಂದೇ ರೂಪಾಯಿ ಸಂಬಳ ಪಡೆಯುತ್ತಿದ್ದರು. ಆದಾಯಕ್ಕೆ ಮೀರಿದ ಆಸ್ತಿ 66.65 ಕೋಟಿ ರೂಪಾಯಿ ಎಂಬುದು ಆರೋಪ.

ಚೆನ್ನೈಯಲ್ಲಿ ಹೂಡಿದ ಮೊಕದ್ದಮೆ ಬೆಂಗಳೂರಿಗೆ ಬಂದುದು ಹೇಗೆಂಬುದನ್ನು ಇಲ್ಲಿ ಹೇಳಬೇಕು. 2001ರಲ್ಲಿ ಜಯಲಲಿತಾ ಮರಳಿ ಅಧಿಕಾರಕ್ಕೆ ಬಂದ ಮೇಲೆ, ಮೊದಲು ಸಾಕ್ಷಿ ನುಡಿದಿದ್ದ 76 ಮಂದಿಯನ್ನು ಮತ್ತೆ ಕರೆಸಲಾಯಿತು. ಅವರಲ್ಲಿ 64 ಮಂದಿ ಮೊದಲಿನ ಮಾತಿನಿಂದ ಹಿಂದೆ ಸರಿದರು. ಅಲ್ಲಿ ನ್ಯಾಯ ನಡೆಯದೆಂದು ದ್ರಾವಿಡ ಮುನ್ನೇತ್ರ ಕಳಗದ ಅನ್ಬಳಗನ್ ಅವರು ದೂರಿದರು. 2003ರ ನವೆಂಬರ್ 18ರಂದು ನಮ್ಮ ಈ ದೆಹಲಿಯ ಸುಪ್ರೀಂ ಕೋರ್ಟು ಮೊಕದ್ದಮೆಯನ್ನು ಕರ್ನಾಟಕಕ್ಕೆ ವರ್ಗಾಯಿಸಿತು.

ಮಹನೀಯರೆ, ಇದು ಸಣ್ಣ ಸಂಗತಿಯಲ್ಲ. ಕಾವೇರಿಯ ವಿಷಯದಲ್ಲಿ ಎರಡು ರಾಜ್ಯಗಳ ಮನಸ್ಸು ಕಹಿಯಾಗಿದ್ದ ಕಾಲ. ತಮಿಳರ ನಾಯಕಿಯ ಹಣೆಬರಹವನ್ನು ಕನ್ನಡನಾಡಿನ ನ್ಯಾಯಾಧೀಶರು ನಿರ್ಧರಿಸಬೇಕು. ನಾಯಕಿಯಾದರೂ ಯಾರು? 1948ರಲ್ಲಿ ನಮ್ಮ ಮೇಲುಕೋಟೆಯಲ್ಲಿ ಹುಟ್ಟಿ, ಮೊದಮೊದಲು ಕನ್ನಡ ಚಿತ್ರಗಳಲ್ಲಿ ನಟಿಸಿದವರು. ಈ ಕಡೆ ದ್ವೇಷಕ್ಕೂ ಆ ಕಡೆ ಅಭಿಮಾನಕ್ಕೂ ಅವಕಾಶವಿದ್ದ ಕಟ್ಟಳೆ ಅದು. ಎರಡಕ್ಕೂ ಎಡೆಗೊಡದೆ ನಡೆಸಬಲ್ಲರೆಂಬ ನಂಬಿಕೆಯ ಮೇಲೆ ನಮ್ಮ ನಾಡಿಗೆ ಅದನ್ನು ಒಪ್ಪಿಸಿದರು.

ಮೊಕದ್ದಮೆ ಬೆಂಗಳೂರಿನಲ್ಲಿ ಹನ್ನೊಂದು ವರ್ಷ ನಡೆಯಿತು. ಒಬ್ಬರಾದ ಮೇಲೊಬ್ಬರು ನ್ಯಾಯಾಧೀಶರು ಬಂದರು, ವರ್ಗವಾದರು, ನಿವೃತ್ತರಾದರು. 2011ರ ಅಕ್ಟೋಬರ್ ನವೆಂಬರುಗಳಲ್ಲಿ ಮುಖ್ಯಮಂತ್ರಿಗಳೇ ಬಂದು ನಾಲ್ಕು ದಿನ ಕುಳಿತು 1,339 ಪ್ರಶ್ನೆಗಳಿಗೆ ಉತ್ತರ ಕೊಟ್ಟರು. 2013ರ ಸೆಪ್ಟೆಂಬರ್ 30ರಂದು ಬಾಲಕೃಷ್ಣ ಅವರು ನಿವೃತ್ತರಾದ ಮೇಲೆ ಕುನ್ಹರವರ ಪಾಳಿ ಬಂದಿತು. ಅವರಿಗೆ ದೊರೆತದ್ದು ಬೇರೆಯವರು ಬರೆದಿಟ್ಟ ಕಡತಗಳ ಬೆಟ್ಟ: ಸರಕಾರದ ಕಡೆಯ 259 ಸಾಕ್ಷಿಗಳು, ಆರೋಪಿಗಳ ಕಡೆಯ 99 ಸಾಕ್ಷಿಗಳು, ಎರಡು ಸಾವಿರಕ್ಕೂ ಮಿಕ್ಕಿದ ದಸ್ತಾವೇಜುಗಳು. ಭೂಮಿಯ ಕ್ರಯಪತ್ರಗಳು, ಬ್ಯಾಂಕಿನ ಖಾತೆಗಳು, ಕಟ್ಟಡದ ಅಂದಾಜುಗಳು, ಚಿನ್ನದ ತೂಕದ ಪಟ್ಟಿಗಳು.

ಅವರು ಮುಂದೂಡಿಕೆಗೆ ಸುಲಭವಾಗಿ ಒಪ್ಪಲಿಲ್ಲ. 2014ರ ಮಾರ್ಚಿನಲ್ಲಿ ವಾದ ಆರಂಭಿಸಲು ತಡಮಾಡಿದುದಕ್ಕೆ ಸರಕಾರದ ಕಡೆಯ ವಕೀಲರಿಗೇ ಒಂದು ದಿನದ ಸಂಭಾವನೆಯಷ್ಟು ದಂಡ ವಿಧಿಸಿದರು. ಹನ್ನೊಂದು ತಿಂಗಳಲ್ಲಿ ತೀರ್ಪು ಸಿದ್ಧವಾಯಿತು. ಸಾವಿರಕ್ಕೂ ಹೆಚ್ಚು ಪುಟಗಳ ತೀರ್ಪು.

ಈಗ ತಾವು ಸ್ವಲ್ಪ ತಾಳ್ಮೆಯಿಂದ ಒಂದು ಲೆಕ್ಕ ಕೇಳಬೇಕು. ವಾಣಿಜ್ಯ ಓದಿದವರ ಚಪಲವೆಂದು ಕ್ಷಮಿಸಬೇಕು. ಆದರೆ ಈ ಮನುಷ್ಯರ ದೊಡ್ಡತನ ಇರುವುದು ಈ ಲೆಕ್ಕದೊಳಗೇ.

ಕುನ್ಹರವರು ಸರಕಾರದ ಪಟ್ಟಿಯನ್ನು ಇದ್ದಂತೆ ಒಪ್ಪಲಿಲ್ಲ. ಕಟ್ಟಡಗಳ ಬೆಲೆಯನ್ನು ಎಂಜಿನಿಯರುಗಳು ಹೆಚ್ಚಾಗಿ ಹಾಕಿದ್ದಾರೆಂದು ನೂರಕ್ಕೆ 20ರಂತೆ ಇಳಿಸಿದರು. ಸಾಕುಮಗನ ಮದುವೆಗೆ ಆರು ಕೋಟಿಗೂ ಮೇಲೆ ಖರ್ಚಾಯಿತೆಂದು ಸರಕಾರ ಹೇಳಿದ್ದರೆ, ರುಜುವಾತಾದುದು ಇಷ್ಟೇ ಎಂದು ಮೂರು ಕೋಟಿಗೆ ನಿಲ್ಲಿಸಿದರು. ಕೊನೆಗೆ ಹೀಗೆ ಬರೆದರು: ಆಸ್ತಿ 55,02,48,215 ರೂಪಾಯಿ, ವೆಚ್ಚ 8,49,06,833 ರೂಪಾಯಿ, ಇವೆರಡರ ಮೊತ್ತದಿಂದ ಆದಾಯವಾದ 9,91,05,094 ರೂಪಾಯಿ ಕಳೆದರೆ ಉಳಿಯುವುದು 53,60,49,954 ರೂಪಾಯಿ. ಇಷ್ಟಕ್ಕೆ ಆರೋಪಿಗಳು ಸಮಾಧಾನ ಹೇಳಲಿಲ್ಲ, ಆದ್ದರಿಂದ ಅಪರಾಧ ಸಿದ್ಧಿಸಿದೆ ಎಂದರು.

ಆರೋಪದ 66.65 ಕೋಟಿಗೂ ತೀರ್ಪಿನ 53.60 ಕೋಟಿಗೂ ನಡುವೆ 13 ಕೋಟಿಗೆ ಮೇಲ್ಪಟ್ಟ ಅಂತರವಿದೆ. ಶಿಕ್ಷೆ ಕೊಡಲೇಬೇಕೆಂದು ಹೊರಟ ನ್ಯಾಯಾಧೀಶರು ಈ 13 ಕೋಟಿಯ ಗೊಡವೆಗೆ ಏಕೆ ಹೋಗುತ್ತಿದ್ದರು? 66 ಆದರೂ ಶಿಕ್ಷೆ, 53 ಆದರೂ ಶಿಕ್ಷೆ. ಆದರೂ ರುಜುವಾತಾಗದ ಒಂದು ರೂಪಾಯಿಯನ್ನೂ ಆರೋಪಿಗಳ ತಲೆಗೆ ಕಟ್ಟಬಾರದೆಂದು ಅವರು ಅದನ್ನು ತೆಗೆದುಹಾಕಿದರು. ಎಲ್ಲಕ್ಕಿಂತ ನಮ್ಮನ್ನು ಮುಟ್ಟಿದ್ದು ಇದೇ.

2014ರ ಸೆಪ್ಟೆಂಬರ್ 27, ಶನಿವಾರ. ಭದ್ರತೆಗಾಗಿ ಪರಪ್ಪನ ಅಗ್ರಹಾರದ ಸೆರೆಮನೆಯ ಬಳಿ ಕೋರ್ಟು ಕೂಡಿತು. ನಾಲ್ವರಿಗೂ ನಾಲ್ಕು ವರ್ಷದ ಸೆರೆವಾಸ. ಮೊದಲ ಆರೋಪಿಗೆ 100 ಕೋಟಿ ರೂಪಾಯಿ ದಂಡ, ಉಳಿದ ಮೂವರಿಗೆ ತಲಾ 10 ಕೋಟಿ. 2013ರಲ್ಲಿ ಸುಪ್ರೀಂ ಕೋರ್ಟು ಕೊಟ್ಟಿದ್ದ ಬೇರೊಂದು ತೀರ್ಪಿನಿಂದಾಗಿ, ಎರಡು ವರ್ಷಕ್ಕೆ ಕಡಮೆಯಿಲ್ಲದ ಶಿಕ್ಷೆಯಾದ ಶಾಸಕರ ಸ್ಥಾನ ಆ ಕ್ಷಣವೇ ಹೋಗುತ್ತಿತ್ತು. ಬೆಳಗ್ಗೆ ಮುಖ್ಯಮಂತ್ರಿಯಾಗಿ ಬಂದವರು ಸಂಜೆಗೆ ಸೆರೆಮನೆಯೊಳಗಿದ್ದರು. ಅಧಿಕಾರದಲ್ಲಿರುವ ಮುಖ್ಯಮಂತ್ರಿ ಹೀಗೆ ಶಿಕ್ಷೆಗೊಳಗಾಗಿ ಸ್ಥಾನ ಕಳೆದುಕೊಂಡದ್ದು ಅದೇ ಮೊದಲು. ಅದನ್ನು ಮಾಡಿದವರು ಬೆಂಗಳೂರಿನ 36ನೆಯ ಹೆಚ್ಚುವರಿ ನಗರ ಸಿವಿಲ್ ಮತ್ತು ಸೆಷನ್ಸ್ ನ್ಯಾಯಾಧೀಶರು. ಮೂವತ್ತಾರನೆಯ, ಅದರಲ್ಲೂ ಹೆಚ್ಚುವರಿ! ಪದವಿಯ ಹೆಸರಿನಲ್ಲೇ ಎಷ್ಟು ವಿನಯ ನೋಡಿ.

ಅಂದು ನಾವು ಬ್ಯಾಂಕಿಗೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಪಕ್ಕದ ಮೇಜಿನವರು ತಮಿಳು ಮಿತ್ರರು. ಮಧ್ಯಾಹ್ನದ ಊಟವನ್ನು ನಾವಿಬ್ಬರೂ ಹಂಚಿಕೊಂಡು ತಿನ್ನುತ್ತಿದ್ದೆವು. ಈ ಉತ್ತರದ ನಾಡಿನಲ್ಲಿ ನಮ್ಮ ಹುಳಿಗೂ ಅವರ ಸಾಂಬಾರಿಗೂ ಭೇದವೆಲ್ಲಿ? ಸೋಮವಾರ ಅವರು ಊಟದ ಡಬ್ಬಿ ತರಲಿಲ್ಲ, ನಮ್ಮ ಡಬ್ಬಿಯನ್ನೂ ಮುಟ್ಟಲಿಲ್ಲ. “ನಿಮ್ಮ ಊರಿನವರು ಹೀಗೆ ಮಾಡಿದರು” ಎಂದರು. ನಮಗೆ ಉತ್ತರ ತೋಚಲಿಲ್ಲ. ಒಳಗೊಳಗೆ ಒಂದು ಸಣ್ಣ ಹಿಗ್ಗೂ ಇತ್ತೆಂಬುದನ್ನು ಈ ಸಭೆಯಲ್ಲಿ ಬಚ್ಚಿಡುವುದಿಲ್ಲ. ಅದು ನ್ಯಾಯದ ಹಿಗ್ಗಲ್ಲ, ಪಂದ್ಯ ಗೆದ್ದವರ ಹಿಗ್ಗು ಎಂದು ತಿಳಿಯಲು ನಮಗೆ ಕೆಲವು ಕಾಲ ಹಿಡಿಯಿತು.

2015ರ ಮೇ 11ರಂದು ಕರ್ನಾಟಕದ ಹೈಕೋರ್ಟು ನಾಲ್ವರನ್ನೂ ಬಿಡುಗಡೆ ಮಾಡಿತು. ಮಿತ್ರರು ಸಿಹಿ ಹಂಚಿದರು, ನಾವೂ ತಿಂದೆವು. ಆ ತೀರ್ಪಿನ ಪ್ರಕಾರ ಆಸ್ತಿ 37,59,02,466 ರೂಪಾಯಿ, ಆದಾಯ 34,76,65,654 ರೂಪಾಯಿ. ಮೀರಿದ್ದು ನೂರಕ್ಕೆ 8.12 ಮಾತ್ರ. ಹತ್ತರವರೆಗೆ ಮನ್ನಿಸಬಹುದೆಂದು ಸುಪ್ರೀಂ ಕೋರ್ಟಿನ ಹಳೆಯ ತೀರ್ಪೊಂದಿತ್ತು. ಹೈಕೋರ್ಟು ಆಸ್ತಿಗಳ ಬೆಲೆಯನ್ನು ತಗ್ಗಿಸಿ ಕಂಡದ್ದೂ ಇದಕ್ಕೆ ಕಾರಣ. ಆದರೆ ಆದಾಯದ ಪಟ್ಟಿಯಲ್ಲಿ ಹತ್ತು ಸಾಲಗಳನ್ನು ಕೂಡಿಸಿ 24,17,31,274 ರೂಪಾಯಿ ಎಂದು ಬರೆದಿತ್ತು.

ಮರುದಿನ ಪತ್ರಿಕೆಗಳಲ್ಲಿ ಕೂಡಿಕೆ ತಪ್ಪಿದೆಯೆಂಬ ಸುದ್ದಿ ಬಂದಿತು. ಬ್ಯಾಂಕಿನವರಿಗೆ ಕೂಡಿಕೆ ತಪ್ಪೆಂದರೆ ಸುಮ್ಮನಿರಲಾದೀತೆ? ಸಂಜೆ ಲೆಕ್ಕ ಮುಗಿದ ಮೇಲೆ ನಾವಿಬ್ಬರೂ ಪತ್ರಿಕೆಯನ್ನು ಮುಂದಿಟ್ಟುಕೊಂಡು ಕುಳಿತೆವು. ಅವರು ಓದಿದರು, ನಾವು ಯಂತ್ರದಲ್ಲಿ ಒತ್ತಿದೆವು. ಬಂದ ಮೊತ್ತ 10,67,31,274. ಮತ್ತೆ ಮಾಡೋಣವೆಂದರು. ಈ ಸಲ ನಾವು ಓದಿದೆವು, ಅವರು ಒತ್ತಿದರು. ಅದೇ ಮೊತ್ತ. ಹದಿಮೂರೂವರೆ ಕೋಟಿ ಹೆಚ್ಚಾಗಿ ಬರೆದಿತ್ತು. ಅದನ್ನು ಆದಾಯದಿಂದ ತೆಗೆದರೆ ಮೀರಿದ್ದು ನೂರಕ್ಕೆ 8 ಅಲ್ಲ, 76! ಮಿತ್ರರು ಸ್ವಲ್ಪ ಹೊತ್ತು ಯಂತ್ರದ ಕಡೆಗೇ ನೋಡುತ್ತಿದ್ದು, “ಅಮ್ಮ ಅಮ್ಮನೇ, ಕೂಡಿಕೆ ಕೂಡಿಕೆಯೇ” ಎಂದರು. ಮರುದಿನದಿಂದ ಮತ್ತೆ ಊಟ ಹಂಚಿಕೊಂಡೆವು.

ಆ ಮಾತು ನಮಗೆ ದೊಡ್ಡ ಪಾಠವಾಯಿತು. ತನ್ನ ಪ್ರೀತಿಯನ್ನೂ ಬಿಡದೆ, ಲೆಕ್ಕವನ್ನೂ ತಿರುಚದೆ ಇರುವುದು ಎಷ್ಟು ಕಷ್ಟ! ನ್ಯಾಯಾಧೀಶರಿಂದ ದೇಶ ದಿನದಿನವೂ ಬೇಡುವುದು ಇದನ್ನೇ.

ಕರ್ನಾಟಕ ಸರಕಾರವೂ ಇತರರೂ ಸುಪ್ರೀಂ ಕೋರ್ಟಿಗೆ ಮೇಲುಮನವಿ ಸಲ್ಲಿಸಿದರು. ಅದು ತೀರ್ಮಾನವಾಗುವ ಮೊದಲೇ, 2016ರ ಡಿಸೆಂಬರ್ 5ರಂದು ಜಯಲಲಿತಾ ತೀರಿಕೊಂಡರು. 2017ರ ಫೆಬ್ರವರಿ 14ರಂದು ನ್ಯಾಯಮೂರ್ತಿ ಪಿನಾಕಿ ಚಂದ್ರ ಘೋಷ್ ಮತ್ತು ನ್ಯಾಯಮೂರ್ತಿ ಅಮಿತಾವ ರಾಯ್ ಅವರ ಪೀಠ ಹೈಕೋರ್ಟಿನ ತೀರ್ಪನ್ನು ರದ್ದುಮಾಡಿ, ಉಳಿದ ಮೂವರ ಮೇಲೆ ಕುನ್ಹರವರ ತೀರ್ಪನ್ನೇ ಮರಳಿ ನಿಲ್ಲಿಸಿತು. ತೀರಿಹೋದವರ ಮಟ್ಟಿಗೆ ಮೇಲುಮನವಿ ಅಲ್ಲಿಗೇ ನಿಂತಿತು. ಕೆಳಗಿನ ನ್ಯಾಯಾಧೀಶರು ಸಾಕ್ಷ್ಯವನ್ನು ಎಚ್ಚರಿಕೆಯಿಂದ, ವಿವೇಕದಿಂದ ತೂಗಿದ್ದಾರೆಂದು ಪೀಠವು ಮೆಚ್ಚಿ ಬರೆಯಿತು. ತೀರಿಹೋದವರನ್ನು ಕುರಿತು ನಾವು ಕಠಿಣವಾಗಿ ಆಡುವುದಿಲ್ಲ. ಬಡವರ ಹೊಟ್ಟೆಗೆ ಅನ್ನ ಹಾಕಿದರೆಂದು ನೆನೆಯುವವರು ಲಕ್ಷಾಂತರ ಜನರಿದ್ದಾರೆ. ಆದರೆ ಸಾವಿರ ಪುಟದ ಆ ಲೆಕ್ಕ ಎರಡು ಮೆಟ್ಟಿಲು ಹತ್ತಿ ಇಳಿದು, ಬರೆದವರ ಕೂಡಿಕೆಗೇ ಬಂದು ನಿಂತಿತು.

ಅಷ್ಟರೊಳಗೆ ಕುನ್ಹರವರು ಹೈಕೋರ್ಟಿನ ನ್ಯಾಯಮೂರ್ತಿಗಳಾಗಿದ್ದರು. 2016ರ ನವೆಂಬರಿನಲ್ಲಿ ಪ್ರಮಾಣವಚನ ಸ್ವೀಕರಿಸಿ, 2021ರ ಏಪ್ರಿಲಿನಲ್ಲಿ ನಿವೃತ್ತರಾದರು. ನಿವೃತ್ತಿಯ ಮೇಲೂ ಸರಕಾರ ಕರೆಯಿತು. ಕೋವಿಡ್ ಕಾಲದ ಖರೀದಿಗಳ ವಿಚಾರಣೆಯನ್ನು 2023ರಲ್ಲಿ ವಹಿಸಿತು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡಾಗ ಆ ದುರಂತದ ವಿಚಾರಣೆಯನ್ನೂ ಅವರಿಗೇ ಒಪ್ಪಿಸಿತು. ಇಂಥ ಆಯೋಗಗಳ ವರದಿಯನ್ನು ಒಂದು ಪಕ್ಷದವರು ಹೊಗಳಿದರೆ ಇನ್ನೊಂದು ಪಕ್ಷದವರು ತೆಗಳುತ್ತಾರೆ. ಕುನ್ಹರವರಿಗೂ ಅದು ತಪ್ಪಲಿಲ್ಲ. ಅದರ ತೀರ್ಮಾನ ನಮ್ಮ ಕೆಲಸವಲ್ಲ. ನಾವು ಕೈಮುಗಿಯುವುದು ಆ ಮೂವತ್ತಾರನೆಯ ಕೋಣೆಯ ಹನ್ನೊಂದು ತಿಂಗಳ ದುಡಿಮೆಗೆ.

ಏಕೆಂದರೆ, ಮಹನೀಯರೆ, ಈ ಸಭೆಯಲ್ಲಿರುವ ನಮ್ಮಲ್ಲಿ ಹೆಚ್ಚಿನವರು ಬಾಳಿನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತುವವರಲ್ಲ. ಬಾಡಿಗೆಯ ಜಗಳವೋ, ಚೆಕ್ಕಿನ ಮೊಕದ್ದಮೆಯೋ, ಅಪಘಾತದ ಪರಿಹಾರವೋ ಬಂದರೆ ನಮಗಿರುವುದು ಈ ರೋಹಿಣಿಯ ಕಟ್ಟಡ. ಅಲ್ಲಿ ಕುಳಿತ ನ್ಯಾಯಾಧೀಶರೇ ನಮಗೆ ಮೊದಲನೆಯವರೂ ಕೊನೆಯವರೂ. ಸಾಕ್ಷಿಯ ಮುಖ ನೋಡುವವರು, ಸಾಕ್ಷಿ ತಡವರಿಸಿದಾಗ ಕೇಳುವವರು ಅವರೇ. ಮೇಲಿನ ಕೋರ್ಟುಗಳು ಓದುವುದು ಅವರು ಬರೆದಿಟ್ಟ ಹಾಳೆಗಳನ್ನು. ಅಡಿಗಲ್ಲು ಸೊಟ್ಟಗಾದರೆ ಗೋಪುರ ನೆಟ್ಟಗೆ ನಿಲ್ಲುವುದೆ?

ಆದರೂ ನಮ್ಮ ಮನೆಗಳಲ್ಲಿ ಮಕ್ಕಳು ಏನಾಗಬೇಕೆಂದು ಕೇಳಿ ನೋಡಿ. ಎಂಜಿನಿಯರು, ಡಾಕ್ಟರು, ಅಮೆರಿಕ. ಕಾನೂನು ಓದಿದವರೂ ದೊಡ್ಡ ಕಂಪೆನಿಗಳ ಕಡೆಗೆ ನೋಡುತ್ತಾರೆಯೇ ಹೊರತು ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕುಳ್ಳಿರುವವರು ಅಪರೂಪ. ಸಂಬಳ ಕಡಮೆ, ವರ್ಗ ಹೆಚ್ಚು, ಹೆಸರು ಬಾರದು—ಇದೆಲ್ಲ ನಿಜ. ಇಂದಿನ ಕೂಟದಲ್ಲಿ ಕಾನೂನು ಓದುತ್ತಿರುವ ಒಬ್ಬರಾದರೂ ಈ ಮಾತನ್ನು ಮನೆಗೆ ಒಯ್ದರೆ ನಮ್ಮ ಹತ್ತು ನಿಮಿಷ ಸಾರ್ಥಕ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇವೆ. ಇಂದು ರಾಜ್ಯೋತ್ಸವ. 1956ರ ನವೆಂಬರ್ 1ರಂದು ಒಂದಾದ ನಮ್ಮ ನಾಡಿನ ಕೀರ್ತಿಯನ್ನು ಹಾಡುವ ದಿನ. ನಾಡಿನ ಕೀರ್ತಿ ಶಿಲ್ಪದಲ್ಲಿದೆ, ಸಂಗೀತದಲ್ಲಿದೆ, ಕಾವ್ಯದಲ್ಲಿದೆ, ಹೌದು. ಆದರೆ ನೆರೆಯವರು ತಮ್ಮ ಮನೆಯ ವ್ಯಾಜ್ಯವನ್ನು ನಮ್ಮ ಮನೆಗೆ ತಂದು ಒಪ್ಪಿಸುವಷ್ಟು ನಂಬಿಕೆ ಉಳಿಸಿಕೊಂಡದ್ದೂ ಕೀರ್ತಿಯೇ. ಆ ನಂಬಿಕೆಯನ್ನು ಕುನ್ಹರವರು ಕನ್ನಡಿಗರ ಪಂತವಾಗಿ ಮಾಡಲಿಲ್ಲ, ತಮಿಳರ ಸೋಲಾಗಿಯೂ ಮಾಡಲಿಲ್ಲ. ಪಟ್ಟಿಯನ್ನು ಮುಂದಿಟ್ಟುಕೊಂಡು, ರುಜುವಾತಾಗದ್ದನ್ನು ಕಳೆದು, ಆದದ್ದನ್ನು ಕೂಡಿ, ಕೆಳಗೆ ಸಹಿ ಹಾಕಿದರು.

ಪರನಾಡಿನಲ್ಲಿ ಬಾಳುತ್ತಿರುವ ನಮ್ಮನ್ನೂ ಜನ ದಿನವೂ ಹೀಗೆಯೇ ನಂಬಿ ತಮ್ಮ ಹಣವನ್ನು, ಕಡತವನ್ನು, ಮಕ್ಕಳನ್ನು ಒಪ್ಪಿಸುತ್ತಾರೆ. ನಮ್ಮ ನಮ್ಮ ಮೇಜಿನ ಕೂಡಿಕೆ ಸರಿಯಾಗಿರಲಿ ಎಂದು ಹಾರೈಸುತ್ತೇವೆ.

ಜಯ ಕರ್ನಾಟಕ, ಜಯ ಭಾರತ.